ತಲೆದಿಂಬಿನ ಶುಚಿತ್ವವೂ ನದಾಫರ ದುಡಿಮೆಯೂ

ನಮಾಝ್ ಮಾಡುವ ಚಾಪೆಯನ್ನು ಯಾರಾದರೂ ಚಪ್ಪಲಿಗಾಲಿನಿಂದ ತುಳಿದರೆ ನಾವು ಸಹಿಸುವುದಿಲ್ಲ. ಹಣೆಯಿಡುವ ಸ್ಥಳ ಶುದ್ಧವಾಗಿರಬೇಕು, ತೊಟ್ಟ ಬಟ್ಟೆ ಶುದ್ಧವಾಗಿರಬೇಕು ಎಂಬುದನ್ನು ಮದ್ರಸದ ಮೊದಲ ಪಾಠಗಳಲ್ಲೇ ನಮ್ಮ ಮಕ್ಕಳು ಕಲಿಯುತ್ತಾರೆ. ಆದರೆ ಅದೇ ಹಣೆ, ಅದೇ ಕೆನ್ನೆ ರಾತ್ರಿಯಿಡೀ ಆರೇಳು ತಾಸು ಒರಗಿಕೊಳ್ಳುವ ತಲೆದಿಂಬಿನ ಗಲೀಫನ್ನು ಸರಿಸಿ ಒಳಗಿನ ಬಟ್ಟೆಯ ಬಣ್ಣ ಹೇಗಿದೆಯೆಂದು ನೋಡಿದವರು ನಮ್ಮಲ್ಲಿ ಎಷ್ಟು ಮಂದಿ? ಅತಿಥಿಗಳು ಬರುವಾಗ ಹೊರಗಲೀಫು ಬದಲಾಗುತ್ತದೆ. ಒಳಗಿನದು ಹಳದಿಗಟ್ಟಿ, ಕಂದುಗಟ್ಟಿ, ಗಂಟುಗಟ್ಟಿ ಹಾಗೆಯೇ ಉಳಿಯುತ್ತದೆ. ಶುಚಿತ್ವವನ್ನು ಈಮಾನಿನ ಭಾಗವೆಂದು ನಂಬುವ ಸಮುದಾಯವೊಂದು ಈ ವಿಷಯವನ್ನು ಕೇವಲ ಹೆಂಗಸರ ಮನೆವಾರ್ತೆಯೆಂದು ತಳ್ಳಿಹಾಕುವುದು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ.

ಪ್ರವಾದಿ(ಸ)ರವರು ಹಾಸಿಗೆಗೆ ಹೋಗುವವನು ಮೊದಲು ಅದನ್ನು ತನ್ನ ಬಟ್ಟೆಯ ಅಂಚಿನಿಂದ ಕೊಡವಿಕೊಳ್ಳಬೇಕೆಂದು ಕಲಿಸಿದ ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ವರದಿ ಮಾಡಿದವರು ಹ. ಅಬೂ ಹುರೈರಾ(ರ). ಅದಕ್ಕೆ ಕೊಟ್ಟಿರುವ ಕಾರಣ ಗಮನಾರ್ಹವಾದುದು: ತಾನು ಎದ್ದುಹೋದ ಮೇಲೆ ಆ ಹಾಸಿಗೆಯ ಮೇಲೆ ಏನು ಬಂದು ಸೇರಿತೆಂಬುದು ಮಲಗುವವನಿಗೆ ತಿಳಿಯದು. ಮಲಗುವ ಮುನ್ನಿನ ದುಆವನ್ನು ನಾವು ಬಾಯಿಪಾಠ ಮಾಡಿಸುತ್ತೇವೆ, ಬಲ ಮಗ್ಗುಲಲ್ಲಿ ಮಲಗುವ ಸುನ್ನತ್ತನ್ನು ನೆನಪಿಸುತ್ತೇವೆ. ಅದೇ ಹದೀಸಿನ ಆರಂಭದಲ್ಲಿರುವ ಕೊಡವುವ ಕೆಲಸ ಮಾತ್ರ ನಮ್ಮ ಮನೆಗಳಲ್ಲಿ ಮರೆಯಾಗಿದೆ.

ಕಣ್ಣಿಗೆ ಕಾಣದ್ದು ದಿಂಬಿನಲ್ಲಿ ಏನಿರುತ್ತದೆ? ಮನುಷ್ಯನ ಚರ್ಮವು ಪ್ರತಿದಿನವೂ ಸೂಕ್ಷ್ಮ ಹೊಟ್ಟಿನಂತೆ ಉದುರುತ್ತಿರುತ್ತದೆ. ಆ ಹೊಟ್ಟನ್ನು ತಿಂದು ಬದುಕುವ ಧೂಳುನುಸಿಗಳು ಹಾಸಿಗೆ ದಿಂಬುಗಳಲ್ಲಿ ಮನೆ ಮಾಡುತ್ತವೆ. ಅವು ಕಚ್ಚುವುದಿಲ್ಲ, ರಕ್ತ ಹೀರುವುದಿಲ್ಲ. ಆದರೆ ಅವುಗಳ ಹಿಕ್ಕೆ ಮತ್ತು ಸತ್ತ ದೇಹಗಳ ಪುಡಿ ಉಸಿರಿನೊಂದಿಗೆ ಒಳಹೋದಾಗ ಒಗ್ಗದವರಿಗೆ ಬೆಳಗಿನ ಸೀನು, ಮೂಗು ಸೋರುವುದು, ಕಣ್ಣುರಿ ಉಂಟಾಗುತ್ತದೆ. ಉಬ್ಬಸವಿರುವ ಮಕ್ಕಳಿಗೆ ಉಬ್ಬಸ ಹೆಚ್ಚುತ್ತದೆ. ಈ ನುಸಿಗಳಿಗೆ ಬೇಕಾದುದು ತೇವ. ನಮ್ಮ ಬೆವರು, ಉಸಿರು, ಜೊಲ್ಲು ಆ ತೇವವನ್ನು ಒದಗಿಸುತ್ತವೆ. ಫಜ್ರ್‌ಗೆ ಎದ್ದವನು ಐದಾರು ಸಲ ಸೀನಿದರೆ ತಂಪು ನೀರಿನ ವುಝೂವನ್ನು ದೂರುವವರೇ ಹೆಚ್ಚು. ದಿಂಬನ್ನು ಸಂಶಯಿಸುವವರು ವಿರಳ.

ನಾವು ಈ ಮಾತುಗಳನ್ನು ಬರೆಯುತ್ತಿರುವುದು ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ, ಕಾಗಿನೆಲೆಗಳ ಸೀಮೆಯನ್ನು ಕಣ್ಣ ಮುಂದಿಟ್ಟುಕೊಂಡು. ಇದು ಎರೆಭೂಮಿಯ ಹತ್ತಿ ಸೀಮೆ. ಈಗ ಹೊಲಗಳಲ್ಲಿ ಗೋವಿನಜೋಳವೇ ಹೆಚ್ಚಾಗಿ ಕಾಣುತ್ತದೆಯಾದರೂ ಒಂದು ಕಾಲಕ್ಕೆ ಧಾರವಾಡದ ಕೃಷಿ ಸಂಶೋಧನೆಯಿಂದ ಹೊರಬಂದ ಜಯಧರ ಹತ್ತಿ ಈ ಭಾಗದ ರೈತನ ಬಾಯಲ್ಲಿ ಮನೆಮಾತಾಗಿತ್ತು. 1972ರಲ್ಲಿ ಡಾ. ಬಿ.ಎಚ್. ಕಟರ್ಕಿಯವರ ವರಲಕ್ಷ್ಮಿ ಸಂಕರಣ ತಳಿ ಬಂದ ಮೇಲೆ ಉದ್ದನೆಯ ಎಳೆಯ ಹತ್ತಿಗೆ ಬೆಲೆ ಏರಿತು, ಗಿಡ್ಡ ಎಳೆಯ ನಾಟಿ ಹತ್ತಿ ಹಿಂದೆ ಸರಿಯಿತು. ನೂಲಿಗೆ ಉದ್ದ ಎಳೆ ಒಳ್ಳೆಯದು. ಗಾದಿ ದಿಂಬುಗಳಿಗೆ ಮಾತ್ರ ಆ ಒರಟಾದ ಗಿಡ್ಡ ಎಳೆಯೇ ಹೆಚ್ಚು ಪುಟಿಯುತ್ತದೆ. ಹಳೆಯ ತಲೆಮಾರಿನವರು ತಮ್ಮ ಕಾಲದ ದಿಂಬನ್ನು ಹೊಗಳುವುದು ಬರಿಯ ಹಳಹಳಿಕೆಯಲ್ಲ.

ಇಂದು ನಮ್ಮ ಮನೆಗಳಲ್ಲಿ ಮೂರು ನಾಲ್ಕು ಬಗೆಯ ದಿಂಬುಗಳಿವೆ: ಅರಳೆಯದು, ಬೂರುಗದ ಹತ್ತಿಯದು, ಪಾಲಿಯೆಸ್ಟರ್ ನಾರಿನದು, ಸ್ಪಂಜಿನದು. ಎಲ್ಲವನ್ನೂ ಒಂದೇ ರೀತಿ ನೋಡಿಕೊಳ್ಳುವುದರಿಂದಲೇ ಹೆಚ್ಚಿನವು ಹಾಳಾಗುತ್ತವೆ.

ಅರಳೆಯ ದಿಂಬನ್ನು ಇಡಿಯಾಗಿ ನೀರಿಗೆ ಹಾಕಬಾರದು. ಒಳಗಿನ ಹತ್ತಿ ಮುದ್ದೆಗಟ್ಟುತ್ತದೆ, ನಾಲ್ಕು ದಿನ ಒಣಗಿಸಿದರೂ ನಡುಭಾಗದಲ್ಲಿ ತೇವ ಉಳಿದು ಬೂಸ್ಟು ಹಿಡಿಯುತ್ತದೆ. ಅದಕ್ಕೆ ಬೇಕಾದುದು ಬಿಸಿಲು. ಹದಿನೈದು ದಿನಕ್ಕೊಮ್ಮೆಯಾದರೂ ಗಲೀಫು ತೆಗೆದು ಮಾಳಿಗೆಯ ಮೇಲೆ ಹಾಕಿ, ಮಧ್ಯಾಹ್ನ ಒಮ್ಮೆ ಮಗ್ಗುಲು ಬದಲಿಸಿ, ಸಂಜೆ ಅಸ್ರ್‌ಗೆ ಮುನ್ನ ಹೊರಗೇ ಕೋಲಿನಿಂದ ಬಡಿದು ಧೂಳು ಕೊಡವಿ, ಕಾವು ಆರಿದ ಮೇಲೆ ಒಳಗೆ ತರಬೇಕು. ಬಡಿಯುವವರು ಮೂಗಿಗೆ ಬಟ್ಟೆ ಕಟ್ಟಿಕೊಳ್ಳಲಿ. ನಮ್ಮ ಬಯಲುಸೀಮೆಗೆ ಅಲ್ಲಾಹನು ಕೊಟ್ಟ ಬಿಸಿಲು ಮಲೆನಾಡಿನ, ಕರಾವಳಿಯ ನಮ್ಮ ಸಹೋದರರಿಗೆ ವರ್ಷದ ಅರ್ಧ ಭಾಗ ಸಿಗದು. ನಾವು ಆ ಬಿಸಿಲನ್ನು ಬೈಯುವುದಕ್ಕಷ್ಟೇ ಬಳಸುತ್ತಿದ್ದೇವೆ. ಒಂದು ಎಚ್ಚರಿಕೆಯ ಮಾತೂ ಉಂಟು. ಬ್ಯಾಡಗಿಯ ಕಡೆ ಮೆಣಸಿನಕಾಯಿ ಹರವಿದ ಮಾಳಿಗೆಯಲ್ಲಿ ದಿಂಬು ಒಣಹಾಕಿದವರಿಗೆ ಆ ರಾತ್ರಿ ಏನಾಗುವುದೆಂದು ಬಿಡಿಸಿ ಹೇಳಬೇಕಾಗಿಲ್ಲ! ಹಾಗೆಯೇ ಸುಗ್ಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಗೆ ಹೋಗುವ ತಾಯಂದಿರ ಕೂದಲಲ್ಲಿ, ಸೆರಗಿನಲ್ಲಿ ಆ ಘಾಟು ಮನೆಗೆ ಬರುತ್ತದೆ. ತಲೆಗೆ ಸ್ನಾನ ಮಾಡಲು ಪ್ರತಿದಿನವೂ ಸಾಧ್ಯವಿಲ್ಲದಿದ್ದರೆ ಕೆಲಸದ ವೇಳೆ ತಲೆಗೆ ಕಟ್ಟುವ ಬಟ್ಟೆಯನ್ನು ಬೇರೆಯೇ ಇಟ್ಟು, ದಿಂಬಿನ ಗಲೀಫನ್ನು ಎರಡು ದಿನಕ್ಕೊಮ್ಮೆ ಬದಲಿಸಿದರೆ ಪಕ್ಕದಲ್ಲಿ ಮಲಗುವ ಹಸುಗೂಸಿನ ಕಣ್ಣಿಗೆ ಉರಿ ತಪ್ಪುತ್ತದೆ.

ಬೂರುಗದ ಎಳೆಗೆ ಸಹಜವಾದ ಮೇಣದ ಲೇಪವಿರುವುದರಿಂದ ಅದು ನೀರನ್ನು ಹೀರುವುದಿಲ್ಲ. ಅದನ್ನೂ ಒಗೆಯಬಾರದು, ಬಿಸಿಲಿಗೆ ಹಾಕಿದರೆ ಸಾಕು. ಅದು ಬೇಗ ಪುಡಿಯಾಗುತ್ತದೆ, ಬೇಗ ಬೆಂಕಿ ಹಿಡಿಯುತ್ತದೆ. ಆದುದರಿಂದ ಹಾಸಿಗೆಯ ಬಳಿ ಸೊಳ್ಳೆಬತ್ತಿ ಇಡುವವರು ಜಾಗರೂಕರಾಗಿರಬೇಕು. ಪಾಲಿಯೆಸ್ಟರ್ ನಾರಿನ ದಿಂಬನ್ನು ಒಗೆಯಬಹುದು. ಯಂತ್ರಕ್ಕೆ ಎರಡನ್ನು ಒಟ್ಟಿಗೆ ಹಾಕಿದರೆ ತೂಕ ಸಮವಾಗಿ ತಿರುಗುತ್ತದೆ. ಸ್ಪಂಜಿನದನ್ನು ಯಂತ್ರಕ್ಕೂ ಹಾಕಬಾರದು, ನೇರ ಬಿಸಿಲಿಗೂ ಇಡಬಾರದು. ಬಿಸಿಲಿಗೆ ಅದು ಹಳದಿಯಾಗಿ ಪುಡಿಪುಡಿಯಾಗಿ ಉದುರುತ್ತದೆ. ನೆರಳಿನಲ್ಲಿ, ಗಾಳಿಯಲ್ಲಿ ಆರಿಸಬೇಕು.

ಯಾವ ದಿಂಬೇ ಆಗಲಿ, ಅದರ ಆಯುಸ್ಸು ಇರುವುದು ಹೊದಿಕೆಯಲ್ಲಿ. ಒಂದು ಗಲೀಫು ಸಾಲದು, ಎರಡು ಬೇಕು. ಒತ್ತಾದ ನೇಯ್ಗೆಯ ಒಳಗಲೀಫೊಂದು, ಅದರ ಮೇಲೆ ದಿನಬಳಕೆಯದೊಂದು. ಮೇಲಿನದನ್ನು ವಾರಕ್ಕೊಮ್ಮೆ, ಒಳಗಿನದನ್ನು ತಿಂಗಳಿಗೊಮ್ಮೆ ಬಿಸಿನೀರಿನಲ್ಲಿ ಒಗೆಯಬೇಕು. ಸುಮಾರು 60 ಡಿಗ್ರಿ ಸೆಲ್ಸಿಯಸ್ ಕಾವಿನ ನೀರಿನಲ್ಲಿ ಧೂಳುನುಸಿ ಸಾಯುತ್ತದೆ, ತಣ್ಣೀರಿನಲ್ಲಿ ಬಹುಪಾಲು ಬದುಕುಳಿಯುತ್ತದೆ. ಜಿಡ್ಡಿನ ಕಲೆಗೆ ವಾಷಿಂಗ್ ಸೋಡಾ ಆದೀತು, ಅಂಟುವಾಳದ ನೊರೆಯೂ ಆದೀತು. ಅಂಗಡಿಯಿಂದ ಬಂದ ಪ್ಲಾಸ್ಟಿಕ್ ಚೀಲವನ್ನು ತೆಗೆಯದೆ ಅದರ ಮೇಲೆಯೇ ಗಲೀಫು ಹಾಕುವ ಜಾಣತನ ಕೆಲವು ಮನೆಗಳಲ್ಲಿದೆ. ಅದರಿಂದ ದಿಂಬು ಉಳಿಯುವುದಿಲ್ಲ, ಬೆವರಿನ ತೇವ ಒಳಗೇ ಸಿಕ್ಕಿಕೊಂಡು ಕೊಳೆಯುತ್ತದೆ. ತಲೆಗೆ ಎಣ್ಣೆ ಹಚ್ಚಿದ ರಾತ್ರಿ, ಮೆಹಂದಿ ಹಚ್ಚಿದ ರಾತ್ರಿ, ಕಣ್ಣಿಗೆ ಸುರ್ಮಾ ಹಾಕಿದ ರಾತ್ರಿ ದಿಂಬಿನ ಮೇಲೊಂದು ಹಳೆಯ ಟವೆಲ್ ಹಾಸಿಕೊಳ್ಳಬೇಕು. ರಾತ್ರಿ ಗುಸ್ಲ್ ಮಾಡಿದವರು ಕೂದಲು ಆರಿಸಿಕೊಳ್ಳದೆ ಮಲಗಬಾರದು. ಒದ್ದೆಕೂದಲಿನಷ್ಟು ದಿಂಬನ್ನು ಕೆಡಿಸುವುದು ಮತ್ತಾವುದೂ ಇಲ್ಲ.

ಮಕ್ಕಳಿರುವ ಮನೆಗಳಿಂದ ಪದೇಪದೇ ಬರುವ ಪ್ರಶ್ನೆಯೊಂದಿದೆ: ಮಗು ಮೂತ್ರ ಮಾಡಿದ ದಿಂಬು ಮತ್ತೆ ಪಾಕ್ ಆಗುತ್ತದೆಯೇ, ಎಸೆಯಬೇಕೇ? ಎಸೆಯಬೇಕಾಗಿಲ್ಲ. ನಮ್ಮ ಭಾಗದಲ್ಲಿ ಹೆಚ್ಚಿನವರು ಅನುಸರಿಸುವ ಹನಫೀ ಫಿಕ್ಹ್ ಪ್ರಕಾರ ಹಿಂಡಲಾಗುವ ಬಟ್ಟೆಯನ್ನು ಮೂರು ಸಲ ತೊಳೆದು ಪ್ರತಿ ಸಲ ಹಿಂಡಬೇಕು. ಹಿಂಡಲಾಗದ ದಪ್ಪ ವಸ್ತುವಾದರೆ ಮೂರು ಸಲ ನೀರು ಹಾಯಿಸಿ, ಪ್ರತಿ ಸಲವೂ ತೊಟ್ಟಿಕ್ಕುವುದು ನಿಲ್ಲುವ ತನಕ ಬಿಡಬೇಕು. ಅರಳೆಯ ದಿಂಬಾದರೆ ಹೊಲಿಗೆ ಬಿಚ್ಚಿ ಹತ್ತಿಯನ್ನು ಹೊರತೆಗೆಯುವುದೇ ಲೇಸು. ಇನ್ನೊಂದು ಸ್ವಾರಸ್ಯಕರ ವಿಷಯವನ್ನು ಬಹುಮಂದಿ ಕೇಳಿರಲಾರರು. ಹನಫೀ ಫುಕಹಾಗಳು ವಸ್ತುಗಳನ್ನು ಶುದ್ಧಗೊಳಿಸುವ ವಿಧಾನಗಳನ್ನು ಎಣಿಸುವಾಗ ತೊಳೆಯುವುದು, ಒರೆಸುವುದು, ಒಣಗುವುದು ಮುಂತಾದವುಗಳ ಜೊತೆಯಲ್ಲಿ ಹತ್ತಿಯನ್ನು ಹಿಂಜುವುದನ್ನೂ ಎಣಿಸಿದ್ದಾರೆ. ಹತ್ತಿಯ ಅಲ್ಪಭಾಗ ಮಾತ್ರ ಅಶುದ್ಧವಾಗಿದ್ದು, ಹಿಂಜಿದಾಗ ಅದು ಉದುರಿಹೋಗಿರಬಹುದೆಂಬಷ್ಟಿದ್ದರೆ ಉಳಿದ ಹತ್ತಿ ಶುದ್ಧ. ಅರ್ಧವೋ ಪೂರ್ತಿಯೋ ಅಶುದ್ಧವಾಗಿದ್ದರೆ ಹಿಂಜಿದ ಮಾತ್ರಕ್ಕೆ ಸಾಲದು. ವಿವರಗಳನ್ನು ನಿಮ್ಮೂರಿನ ಆಲಿಮರಲ್ಲಿ ಕೇಳಿಕೊಳ್ಳಿರಿ. ಇಲ್ಲಿ ನಾವು ಹೇಳಬಯಸುವುದು, ನಮ್ಮ ಫಿಕ್ಹ್ ಗ್ರಂಥಗಳಲ್ಲಿ ಶುದ್ಧೀಕರಣದ ಸಾಧನವಾಗಿ ಸ್ಥಾನ ಪಡೆದ ಕಸುಬೊಂದು ನಮ್ಮ ಮೊಹಲ್ಲಾಗಳಲ್ಲಿ ಕೀಳು ಕಸುಬೆನಿಸಿಕೊಂಡಿದೆ ಎಂಬುದನ್ನು.

ಅರಬಿ ಭಾಷೆಯಲ್ಲಿ ನದ್ದಾಫ್ ಎಂದರೆ ಹತ್ತಿ ಹಿಂಜುವವನು. ನಮ್ಮ ನದಾಫ್ ಸಹೋದರರ ಹೆಸರು ಅಲ್ಲಿಂದಲೇ ಬಂದುದು, ಕನ್ನಡದಲ್ಲಿ ಅವರನ್ನೇ ಪಿಂಜಾರರೆನ್ನುತ್ತೇವೆ. ಹಲ್ಲಾಜ್ ಎಂಬ ಹೆಸರಿಗೂ ಹತ್ತಿಯ ಕಸುಬೇ ಮೂಲ. ಪವಿತ್ರ ಕುರ್‌ಆನ್ ಅಲ್‌ಕಾರಿಅ ಅಧ್ಯಾಯದಲ್ಲಿ ಅಂತ್ಯದಿನದ ಪರ್ವತಗಳಿಗೆ ಕೊಡುವ ಹೋಲಿಕೆ ಹಿಂಜಿದ ಉಣ್ಣೆಯದು. ಹಿಂಜುವುದನ್ನು ಕಣ್ಣಾರೆ ಕಂಡವನಿಗೆ ಆ ಹೋಲಿಕೆಯ ಭೀಕರತೆ ತಿಳಿಯುತ್ತದೆ. ಕಲ್ಲಿನಂತೆ ಗಟ್ಟಿಯಾಗಿದ್ದುದು ಬಿಲ್ಲಿನ ತಂತಿಯ ಹೊಡೆತಕ್ಕೆ ಎಳೆಎಳೆಯಾಗಿ ಗಾಳಿಯಲ್ಲಿ ತೇಲುತ್ತದೆ. ದೊಡ್ಡ ಬಿಲ್ಲನ್ನು ಹೆಗಲಿಗೇರಿಸಿಕೊಂಡು ಓಣಿಗೆ ಬಂದು, ಅದರ ತಂತಿಯನ್ನು ಮರದ ಹಿಡಿಯಿಂದ ಮೀಟುತ್ತ ಅಂಗಳದಲ್ಲೇ ಹತ್ತಿ ಹಿಂಜಿಕೊಡುತ್ತಿದ್ದವರನ್ನು ಹಿರಿಯರು ಬಲ್ಲರು. ಈಗ ಆ ಕೆಲಸವನ್ನು ಗಾದಿ ಅಂಗಡಿಗಳ ಯಂತ್ರ ಮಾಡುತ್ತದೆ.

ಹಿಂಜುವುದರಿಂದ ಆಗುವುದಾದರೂ ಏನು? ಬೆವರು, ಜಿಡ್ಡು, ತಲೆಯ ಭಾರ ಸೇರಿ ಎಳೆಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ, ನಡುವಿನ ಗಾಳಿ ಹೊರಟುಹೋಗುತ್ತದೆ. ದಿಂಬಿನ ಮೆತ್ತಗೆ ಇರುವುದು ಆ ಗಾಳಿಯಲ್ಲಿ. ಹಿಂಜಿದಾಗ ಎಳೆಗಳು ಬಿಡಿಬಿಡಿಯಾಗುತ್ತವೆ, ಧೂಳು ಹೊಟ್ಟು ಕೆಳಗುದುರುತ್ತವೆ, ಗಾಳಿ ಮರಳಿ ಸೇರುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಹಿಂಜಿಸಿ, ಉದುರಿಹೋದಷ್ಟಕ್ಕೆ ಒಂದೆರಡು ಹಿಡಿ ಹೊಸ ಅರಳೆ ಸೇರಿಸಿ, ಹೊಸ ಬಟ್ಟೆಯಲ್ಲಿ ತುಂಬಿದರೆ ಒಂದೇ ದಿಂಬು ಬಹುಕಾಲ ಬಾಳುತ್ತದೆ. ನಾರಿನ ದಿಂಬು ಒಂದೆರಡು ವರ್ಷದಲ್ಲಿ ಚಪ್ಪಟೆಯಾದರೆ ಅದನ್ನು ಸರಿಪಡಿಸುವ ಕೈ ಇಲ್ಲ, ಅದು ತಿಪ್ಪೆ ಸೇರುತ್ತದೆ, ಅಲ್ಲಿ ಕೊಳೆಯುವುದೂ ಇಲ್ಲ. ಕಂಪನಿ ದಿಂಬು ಕೊಂಡವನನ್ನು ನಾವು ದೂಷಿಸುವುದಿಲ್ಲ. ಆದರೆ ಮನೆಯಲ್ಲಿರುವ ಒಳ್ಳೆಯ ಅರಳೆಯ ದಿಂಬನ್ನು ಹಿಂಜಿಸುವ ಖರ್ಚಿಗೆ ಜಗ್ಗಾಡಿ, ಅದನ್ನು ಎಸೆದು, ಕಂತಿನಲ್ಲಿ ಹೊಸದನ್ನು ತರುವುದು ಇಸ್ರಾಫ್ ಅಲ್ಲದೆ ಮತ್ತೇನು?

ನದಾಫರ ವಿಷಯದಲ್ಲಿ ನಾವು ಇನ್ನೂ ಕಟುವಾದ ಮಾತೊಂದನ್ನು ಹೇಳಬೇಕಾಗಿದೆ. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ನದಾಫ್, ಪಿಂಜಾರರು ಪ್ರವರ್ಗ 1ರಲ್ಲಿದ್ದಾರೆ. ಅವರ ಹಿಂದುಳಿಯುವಿಕೆಯನ್ನು ಸರಕಾರ ಗುರುತಿಸಿತು. ಮಸೀದಿಯಲ್ಲಿ ಹೆಗಲಿಗೆ ಹೆಗಲು ಕೊಟ್ಟು ನಿಲ್ಲುವ ನಾವು ಗುರುತಿಸಿದೆವೇ? ಪಿಂಜಾರ ಎಂಬ ಶಬ್ದವನ್ನು ಬೈಗುಳದಂತೆ ಬಳಸುವವರು ನಮ್ಮಲ್ಲಿದ್ದಾರೆ. ಹೆಣ್ಣು ಕೊಡುವಾಗ, ತರುವಾಗ ಅವರು ಪಿಂಜಾರರಂತೆ ಎಂದು ಪಿಸುಗುಟ್ಟುವವರಿದ್ದಾರೆ. ಅನೇಕ ನದಾಫ್ ಕುಟುಂಬಗಳ ಮನೆಮಾತು ಕನ್ನಡವೆಂಬ ಕಾರಣಕ್ಕೆ ಅವರ ಮುಸಲ್ಮಾನಿಕೆಯನ್ನೇ ಅರೆಯೆಂದು ಅಳೆಯುವವರೂ ಇದ್ದಾರೆ. ಅಲ್‌ಹುಜುರಾತ್ ಅಧ್ಯಾಯವು ಪರಿಹಾಸ್ಯವನ್ನೂ ಅಡ್ಡಹೆಸರುಗಳನ್ನೂ ನಿಷೇಧಿಸಿ, ಮೇಲ್ಮೆಗೆ ದೇವಭಯವೊಂದನ್ನೇ ಮಾನದಂಡವಾಗಿರಿಸಿರುವುದನ್ನು ಪ್ರತಿ ವರ್ಷ ಭಾಷಣಗಳಲ್ಲಿ ಕೇಳುತ್ತೇವೆ. ಹ. ದಾವೂದ್(ಅ)ರವರು ಸ್ವಂತ ಕೈಗಳ ದುಡಿಮೆಯಿಂದ ಉಣ್ಣುತ್ತಿದ್ದರೆಂಬ ಬುಖಾರಿಯ ಹದೀಸನ್ನೂ ಕೇಳುತ್ತೇವೆ. ಕುಲದ ಹೆಮ್ಮೆಯನ್ನು ಕನಕದಾಸರು ಪ್ರಶ್ನಿಸಿದ ಕಾಗಿನೆಲೆಯ ಸೀಮೆಯಲ್ಲಿ, ಕುಲವೇ ಇಲ್ಲವೆಂದು ಸಾರುವ ಧರ್ಮದವರಾದ ನಾವು ಹೀಗೆ ನಡೆದುಕೊಂಡರೆ ನೆರೆಹೊರೆಯವರಿಗೆ ನಮ್ಮ ಮಾತು ಹೇಗೆ ಹಿಡಿಸೀತು?

ಹಿಂಜುವವರ ಆರೋಗ್ಯದ ಮಾತು ಬೇರೆಯೇ ಇದೆ. ಹತ್ತಿಯ ಧೂಳು ವರ್ಷಗಟ್ಟಲೆ ಶ್ವಾಸಕೋಶ ಸೇರಿದರೆ ಬಿಸಿನೋಸಿಸ್ ಎಂಬ ರೋಗ ಬರುತ್ತದೆ. ರಜೆ ಕಳೆದು ಕೆಲಸಕ್ಕೆ ಮರಳಿದ ಮೊದಲ ದಿನ ಎದೆ ಬಿಗಿಯುವುದು ಅದರ ಆರಂಭದ ಲಕ್ಷಣ. ನಮ್ಮ ಹಳೆಯ ದಿಂಬಿನಿಂದ ಏಳುವ ಧೂಳನ್ನು ನಮಗಾಗಿ ಉಸಿರಾಡುವವನು ಆತ. ದಿಂಬನ್ನು ಒಂದು ದಿನ ಬಿಸಿಲಿಗಿಟ್ಟು, ಬಡಿದು ಕೊಡವಿಯೇ ಅಂಗಡಿಗೆ ಒಯ್ಯುವುದು ಅವನಿಗೆ ನಾವು ಮಾಡಬಹುದಾದ ಸಣ್ಣ ಉಪಕಾರ. ಅಂಗಡಿಯ ಮಾಲೀಕರು ಕೆಲಸಗಾರರಿಗೆ ಒಳ್ಳೆಯ ಮುಖಗವಸು ಕೊಡಬೇಕು, ಯಂತ್ರದ ಕೋಣೆಗೆ ಗಾಳಿ ಹೊರಹಾಕುವ ಫ್ಯಾನು ಹಾಕಿಸಬೇಕು. ಅವರಿಗೆ ಹೇಳಬೇಕಾದ ಮತ್ತೊಂದು ಮಾತು: ಹೊರಗೆ ಬಿಳಿ ಅರಳೆ ತೋರಿಸಿ ಒಳಗೆ ಗಿರಣಿಯ ಕಸ, ಹರಿದ ಬಟ್ಟೆಯ ನಾರು ತುಂಬುವ ವ್ಯಾಪಾರವೂ ಪೇಟೆಯಲ್ಲಿ ನಡೆಯುತ್ತದೆ. ಧಾನ್ಯದ ರಾಶಿಯೊಳಗೆ ಕೈಯಿಟ್ಟು ಒಳಗಿನ ತೇವವನ್ನು ಪತ್ತೆಹಚ್ಚಿದ ಪ್ರವಾದಿ(ಸ)ರವರು ಆ ವ್ಯಾಪಾರಿಗೆ ಏನೆಂದರೆಂಬುದು ಸಹೀಹ್ ಮುಸ್ಲಿಮ್‌ನಲ್ಲಿದೆ. ಹಳೆಯ ನಾರನ್ನು ಹಳೆಯದೆಂದು ಹೇಳಿ ಕಡಿಮೆ ಬೆಲೆಗೆ ಮಾರಿದರೆ ಯಾರ ಆಕ್ಷೇಪವೂ ಇಲ್ಲ. ಕೊಳ್ಳುವವರೂ ಹೊಲಿಗೆ ಹಾಕುವ ಮುನ್ನ ಕೈಯಿಟ್ಟು ನೋಡಲಿ.

ಮದುವೆಯ ದಿಂಬುಗಳ ಕುರಿತು ಹೇಳದೆ ಈ ಲೇಖನ ಪೂರ್ಣವಾಗದು. ಪ್ರವಾದಿ(ಸ)ರವರು ಮಗಳು ಹ. ಫಾತಿಮಾ(ರ)ರಿಗೆ ಕೊಟ್ಟ ವಸ್ತುಗಳೆಂದರೆ ಒಂದು ಹೊದಿಕೆ, ಒಂದು ನೀರಿನ ಚರ್ಮದ ಚೀಲ, ಇದ್‌ಖಿರ್ ಎಂಬ ಪರಿಮಳದ ಹುಲ್ಲು ತುಂಬಿದ ಒಂದು ದಿಂಬು ಎಂದು ನಸಾಈಯಲ್ಲಿ ವರದಿಯಾಗಿದೆ. ಈ ಒಂದು ದಿಂಬನ್ನೇ ಆಧಾರ ಮಾಡಿಕೊಂಡು ಜಹೇಝನ್ನು ಸುನ್ನತ್ತೆಂದು ವಾದಿಸುವವರು ಪಲಂಗ, ತಿಜೋರಿ, ಎರಡೆರಡು ಗಾದಿ, ಹನ್ನೆರಡು ದಿಂಬುಗಳ ಪಟ್ಟಿಯನ್ನು ಬಡ ತಂದೆಯ ಮುಂದಿಡುತ್ತಾರೆ. ಅದರಲ್ಲಿ ಅರ್ಧದಷ್ಟು ದಿಂಬುಗಳು ಟ್ರಂಕಿನಲ್ಲಿ ಬೂಸ್ಟು ಹಿಡಿದು ಹಾಳಾಗುತ್ತವೆ. ಪುರುಷನಿಗೊಂದು, ಪತ್ನಿಗೊಂದು, ಅತಿಥಿಗೊಂದು ಹಾಸಿಗೆ ಸಾಕು, ನಾಲ್ಕನೆಯದು ಶೈತಾನನಿಗೆಂಬ ಅರ್ಥದ ಹದೀಸನ್ನು ಹ. ಜಾಬಿರ್(ರ) ವರದಿ ಮಾಡಿದ್ದಾರೆ. ಆ ಟ್ರಂಕನ್ನು ತೆರೆದಾಗಲೆಲ್ಲ ನಮಗೆ ಈ ಹದೀಸ್ ನೆನಪಾಗುತ್ತದೆ. ಸ್ವತಃ ಪ್ರವಾದಿ(ಸ)ರವರ ತಲೆಯಡಿಯಲ್ಲಿದ್ದುದು ಖರ್ಜೂರದ ನಾರು ತುಂಬಿದ ಚರ್ಮದ ದಿಂಬು. ಚಾಪೆಯ ಗುರುತು ಅವರ ಮೈಮೇಲೆ ಮೂಡಿರುವುದನ್ನು ಕಂಡು ಹ. ಉಮರ್(ರ) ಅತ್ತರು.

ಅತಿಥಿಯ ದಿಂಬು ಮಾತ್ರ ಅಗತ್ಯವಾದುದು. ದಿಂಬು, ಸುಗಂಧ ತೈಲ, ಹಾಲು ಇವುಗಳನ್ನು ಕೊಟ್ಟಾಗ ನಿರಾಕರಿಸಬಾರದೆಂಬ ಹದೀಸ್ ತಿರ್ಮಿದಿಯಲ್ಲಿದೆ. ನಿರಾಕರಿಸಲು ಬಾರದ ವಸ್ತುವನ್ನು ಮುಗ್ಗಲು ವಾಸನೆಯೊಂದಿಗೆ ಕೊಡುವುದು ಅತಿಥಿಗೆ ಮಾಡುವ ಅನ್ಯಾಯವಲ್ಲವೇ? ನೆಂಟರು ಬರುವ ಮುನ್ನಾದಿನ ಅದನ್ನು ಹೊರತೆಗೆದು ಬಿಸಿಲು ಕಾಣಿಸಿರಿ. ಮಳೆಗಾಲವಾದರೆ ಕಿಟಕಿಯ ಗಾಳಿಗಾದರೂ ಇಡಿರಿ.

ಮರಣಿಸಿದವರ ದಿಂಬು ಗಾದಿಗಳನ್ನು ಊರ ಹೊರಗೆ ಎಸೆದುಬರುವ ವಾಡಿಕೆಯೂ ನಮ್ಮಲ್ಲಿ ನುಸುಳಿದೆ. ಇದಕ್ಕೆ ಇಸ್ಲಾಮಿನಲ್ಲಿ ಆಧಾರವಿಲ್ಲ, ಮೃತರ ವಸ್ತುವಿನಲ್ಲಿ ಅಪಶಕುನವಿಲ್ಲ. ಅದು ತರ್ಕಾ, ಅಂದರೆ ವಾರಸುದಾರರೆಲ್ಲರ ಹಕ್ಕಿನ ಸೊತ್ತು. ಅವರಲ್ಲಿ ಯತೀಮ್ ಮಕ್ಕಳಿದ್ದರೆ ದಾನದ ಹೆಸರಿನಲ್ಲಿ ಕೂಡ ಅವರ ಪಾಲನ್ನು ದೊಡ್ಡವರು ಕೊಟ್ಟುಬಿಡುವಂತಿಲ್ಲ. ಮೃತರಿಗೆ ಕ್ಷಯವಿತ್ತೆಂಬ ಹೆದರಿಕೆಯೂ ಬೇಡ. ಕ್ಷಯ ಹರಡುವುದು ಕೆಮ್ಮಿನ ಗಾಳಿಯಿಂದ, ಹಾಸಿಗೆ ಹೊದಿಕೆಗಳಿಂದಲ್ಲ. ಗಲೀಫನ್ನು ಬಿಸಿನೀರಿನಲ್ಲಿ ಒಗೆದು, ಹತ್ತಿಯನ್ನು ಹಿಂಜಿಸಿ ಬಳಸಬಹುದು, ವಾರಸುದಾರರು ಒಪ್ಪಿದರೆ ಬಡವರಿಗೂ ಕೊಡಬಹುದು. ಕೊಡುವಾಗ ಮಾತ್ರ ಅಲ್‌ಬಕರ ಅಧ್ಯಾಯದ 267ನೆಯ ಸೂಕ್ತವನ್ನು ನೆನಪಿನಲ್ಲಿಡಬೇಕು. ನಾವೇ ಕಣ್ಣುಮುಚ್ಚಿಕೊಂಡಲ್ಲದೆ ಸ್ವೀಕರಿಸಲಾರದ ವಸ್ತುವನ್ನು ಅಲ್ಲಾಹನ ಮಾರ್ಗದಲ್ಲಿ ಕೊಡುವಂತಿಲ್ಲ. ರಮಝಾನಿನಲ್ಲಿ ಗಂಟು ಕಟ್ಟಿ ಕೊಡುವ ಹಳೆಯ ಹಾಸಿಗೆಗಳನ್ನು ನೋಡಿದವರಿಗೆ ಈ ಮಾತು ಅರ್ಥವಾಗುತ್ತದೆ.

ಮದ್ರಸಗಳ ವಸತಿನಿಲಯಗಳಲ್ಲಿ, ಮಸೀದಿಗಳಲ್ಲಿ ಇಅ್‌ತಿಕಾಫ್ ಕೂರುವವರಿಗೆಂದು ಇಟ್ಟಿರುವ ದಿಂಬುಗಳು ಯಾರ ಹೊಣೆಯೂ ಅಲ್ಲದಂತಾಗಿವೆ. ಒಂದೇ ದಿಂಬಿನಲ್ಲಿ ಹಲವು ಮಕ್ಕಳು ತಲೆಯಿಟ್ಟರೆ ಹೇನು, ಕಜ್ಜಿ ಸುತ್ತುತ್ತಲೇ ಇರುತ್ತವೆ. ಹೇನು ತಲೆಯಿಂದ ಬೇರ್ಪಟ್ಟರೆ ಒಂದೆರಡು ದಿನಕ್ಕಿಂತ ಹೆಚ್ಚು ಬದುಕದು, ಕಜ್ಜಿಯ ನುಸಿಯೂ ಎರಡು ಮೂರು ದಿನ ಮಾತ್ರ. ಹಾಗಾಗಿ ಇದು ಹಣದ ಪ್ರಶ್ನೆಯಲ್ಲ, ವ್ಯವಸ್ಥೆಯ ಪ್ರಶ್ನೆ. ಪ್ರತಿ ಮಗುವಿಗೆ ಅದರ ಹೆಸರು ಹೊಲಿದ ಎರಡು ಗಲೀಫು, ವಾರಕ್ಕೊಮ್ಮೆ ಜುಮಾ ದಿನ ಬೆಳಿಗ್ಗೆ ಬಿಸಿನೀರು, ದಿಂಬುಗಳಿಗೆ ಮಾಳಿಗೆಯ ಬಿಸಿಲು. ಜಮಾಅತ್ ಕಮಿಟಿಗಳು ಶಾಬಾನ್ ತಿಂಗಳಲ್ಲಿ ಮಸೀದಿಗೆ ಸುಣ್ಣ ಬಣ್ಣ ಬಳಿಸುವಾಗಲೇ ಅಲ್ಲಿನ ದಿಂಬು ಗಾದಿಗಳನ್ನೂ ಊರಿನ ನದಾಫ್ ಸಹೋದರರಿಂದ ಹಿಂಜಿಸಲಿ. ಮಸೀದಿಯ ಕೆಲಸವೆಂದು ಕೂಲಿಯಲ್ಲಿ ಕಡಿತ ಕೇಳದೆ, ಪೂರ್ತಿ ಹಣವನ್ನು ಅಂದೇ ಕೈಗೆ ಕೊಡಲಿ.